ನಾನು ಬಿಟ್ಟ ಸೊಪ್ಪು

ಹೊಗೆಸೊಪ್ಪಿಗೆ ಆ ಹೆಸರನ್ನು ಯಾರು ಇಟ್ಟರೋ ತಿಳಿಯದು. ಬಾಯಿಗೆ ಹಾಕಿಕೊಳ್ಳುವವನಿಗೆ ಅದರಲ್ಲಿ ಹೊಗೆ ಕಾಣುವುದಿಲ್ಲ. ಬೇಳೆ ಜೊತೆ ಬೇಯಿಸಿ ಮುದ್ದೆಗೆ ಸಾರು ಮಾಡುವಂತಿಲ್ಲವಾದ್ದರಿಂದ ಸೊಪ್ಪು ಅನ್ನುವುದಕ್ಕೂ ಧೈರ್ಯ ಬೇಕು. ಆದರೂ ನಮ್ಮ ನಂಜನಗೂಡು ಕಡೆಯವರು ಇರುವ ಹೆಸರಿನಲ್ಲೂ ಮುಂದಿನ ಅರ್ಧವನ್ನು ಉದುರಿಸಿ ಬರೀ ‘ಸೊಪ್ಪು’ ಅನ್ನುತ್ತೇವೆ. ‘ಒಸಿ ಸೊಪ್ಪಿದ್ರ ಕೊಡಪ್ಪ’ ಅಂತ ಅಂಗಡಿ ಮುಂದೆ ಕೈಚಾಚಿದವನಿಗೆ ಯಾರೂ ದಂಟಿನ ಸೊಪ್ಪಿನ ಕಟ್ಟು ಕೊಡುವುದಿಲ್ಲ. ಕೇಳುವವನಿಗೂ ಕೊಡುವವನಿಗೂ ಗೊತ್ತಿರುತ್ತದೆ. ಹೊಳೆಗೆ ಮಾತ್ರ ಗೊತ್ತಾಗುವುದಿಲ್ಲ ಅಂತ ನಾನು ಎಣಿಸಿದ್ದೆ. ನನ್ನ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

ನಂಜನಗೂಡಿನಲ್ಲಿ ದೇವನೂರಿನ ಬಸ್ಸು ತಿರುಗುವ ರಸ್ತೆಯಲ್ಲಿ ನಂಜುಂಡನ ಪಂಕ್ಚರ್ ಅಂಗಡಿ ಅಂತ ನನ್ನದೊಂದು ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆಮೇಲೆ ನಾನು ಮಾಡಿದ ಬರವಣಿಗೆ ಅಂದರೆ ಟ್ಯೂಬಿನ ಮೇಲೆ ತೂತು ಸಿಕ್ಕ ಜಾಗಕ್ಕೆ ಒಂದು ಗುರುತು ಹಾಕುವುದು. ಈಗ ಬರೆಯುತ್ತಿರುವುದೂ ಸುಮಾರಾಗಿ ಅದೇ ಕೆಲಸ. ತೂತು ನನ್ನದು, ಅಷ್ಟೇ ವ್ಯತ್ಯಾಸ.

ನನಗೆ ಇರುವವಳು ಒಬ್ಬಳೇ ಅಕ್ಕ, ಮಹದೇವಮ್ಮ. ಹುಟ್ಟಿದ್ದು ಇಬ್ಬರೂ ಹೆಮ್ಮರಗಾಲದಲ್ಲಿ. ಅವಳನ್ನು ಕೊಟ್ಟದ್ದು ತಿರುಮಕೂಡಲು ನರಸೀಪುರಕ್ಕೆ. ಅಲ್ಲಿಯ ಹೆಂಗಸರ ಸಂಘವೊಂದಕ್ಕೆ ಅವಳೇ ಅಧ್ಯಕ್ಷೆ. ಅವಳ ಬಗ್ಗೆ ತಿಳಿಯಬೇಕಾದ್ದು ಮುಖ್ಯವಾಗಿ ಒಂದೇ, ಅವಳ ಕಾಫಿ. ಬೆಳಿಗ್ಗೆ ಎದ್ದು, ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ದೊಡ್ಡ ಲೋಟದ ತುಂಬ ಕಾಫಿ ಹಿಡಿದು ಹೊಸ್ತಿಲ ಮೇಲೆ ನಿಂತಳು ಅಂದರೆ, ಲೋಟ ಖಾಲಿಯಾಗುವ ತನಕ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ನಮ್ಮ ಭಾವ ಕಷ್ಟ ಸುಖ ಏನಿದ್ದರೂ ಲೋಟ ಕೆಳಗಿಟ್ಟ ಸದ್ದು ಕೇಳಿದ ಮೇಲೆಯೇ ಹೇಳುತ್ತಿದ್ದರು.

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ, ನನ್ನ ಎಡದವಡೆಯ ಪಕ್ಕ ಒಂದು ಹುಣ್ಣಾಯಿತು. ಹೊಗೆಸೊಪ್ಪನ್ನು ಅದುಮಿ ಇಡುವ ಜಾಗದಲ್ಲೇ ಆದದ್ದರಿಂದ ಅದಕ್ಕೆ ಕಾರಣ ಹುಡುಕಲು ಡಾಕ್ಟರು ಬೇಕಿರಲಿಲ್ಲ. ಆದರೂ ಅಕ್ಕ ಮೈಸೂರಿಗೆ ಎಳೆದುಕೊಂಡು ಹೋದಳು. ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, ಹೇಳಬೇಕಾದ್ದನ್ನು ನನಗೆ ಹೇಳದೆ ಅಕ್ಕನಿಗೆ ಹೇಳಿದರು. ‘ಈಗಲೇ ನಿಲ್ಲಿಸಿದರೆ ವಾಸಿಯಾಗುತ್ತೆ. ಇಲ್ಲದಿದ್ದರೆ ಮುಂದೆ ನನ್ನ ಹತ್ತಿರ ಬರೋದಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತೆ.’ ಅಕ್ಕ ನನ್ನನ್ನು ನಂಜನಗೂಡಿನ ಬಸ್ಸು ಹತ್ತಲೂ ಬಿಡಲಿಲ್ಲ. ನೇರ ನರಸೀಪುರಕ್ಕೆ ಕರೆದುಕೊಂಡು ಹೋಗಿ, ಕಪಿಲೆ ಕಾವೇರಿಯನ್ನು ಕೂಡುವ ಕಡೆ, ಸಂಗಮದ ಮೆಟ್ಟಿಲಿನ ಮೇಲೆ ನಿಲ್ಲಿಸಿದಳು.

ಕಾಶಿಗೆ ಹೋದವರು ಗಂಗೆಯಲ್ಲಿ ತಮಗೆ ಪ್ರಿಯವಾದ ಏನನ್ನಾದರೂ ಬಿಟ್ಟು ಬರುತ್ತಾರಲ್ಲ, ಆ ಪದ್ಧತಿಯನ್ನು ನಮ್ಮಂಥ ಕಾಶಿ ಕಾಣದವರು ಸಂಗಮದಲ್ಲೇ ನಡೆಸಿಬಿಡುತ್ತೇವೆ. ಬಿಡುವವರು ಬಹಳ ಮಂದಿ ಹಾಗಲಕಾಯಿಯನ್ನೋ ಪಡವಲಕಾಯಿಯನ್ನೋ ಬಿಡುವುದು ಬೇರೆ ಮಾತು. ಅಕ್ಕ ಅಂಥವಳಲ್ಲ. ಮಂಡಿ ಮಟ್ಟ ನೀರಿನಲ್ಲಿ ನಿಂತು ಹೇಳಿದಳು:

‘ನೀನು ಸೊಪ್ಪ ಬುಡು. ನಾನು ಕಾಫಿ ಬುಡ್ತೀನಿ. ಇಬ್ರೂ ಒಟ್ಟಿಗೆ ಬುಡಮ. ಒಬ್ನೇ ಬುಡೋದು ಕಷ್ಟ ಕಣ್ಲಾ.’

ಅವಳು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕಾಫಿ ಬಿಟ್ಟಳು. ನಾನೂ ನೀರು ತೆಗೆದುಕೊಂಡೆ. ಆಗ ಬಾಯಲ್ಲಿ ನೀರೂರುತ್ತಿತ್ತು. ಯಾವ ನೀರು ಅಂತ ಸೊಪ್ಪು ಹಾಕುವವರಿಗೆ ಗೊತ್ತು. ಆ ಒಂದು ಗಳಿಗೆಯಲ್ಲಿ, ಏಳನೇ ಕ್ಲಾಸಿನ ತನಕ ಯಾವ ಮೇಷ್ಟರಿಗೂ ಕಾಣಿಸದಿದ್ದ ಬುದ್ಧಿವಂತಿಕೆ ಎಲ್ಲಿಂದಲೋ ಬಂದು ನನ್ನ ತಲೆಯೊಳಗೆ ಕೂತಿತು. ಗಟ್ಟಿಯಾಗಿ ಹೇಳಿದೆ: ‘ಇವತ್ತಿಂದ ನಾನು ಸೊಪ್ಪು ಬಿಟ್ಟೆ.’ ಮನಸ್ಸಿನಲ್ಲಿ ದಂಟಿನ ಸೊಪ್ಪನ್ನು ನೆನೆದುಕೊಂಡೆ.

ಹೊಳೆಗೆ ಸುಳ್ಳು ಹೇಳಲಿಲ್ಲ ಎಂಬ ಸಮಾಧಾನಕ್ಕೆ ನಾನು ತೆತ್ತ ದಂಡ ಕೇಳಿ. ಅವತ್ತಿನಿಂದ ನಿಜವಾಗಿಯೂ ಸೊಪ್ಪು ಬಿಟ್ಟೆ. ದಂಟು, ಕೀರೆ, ಸಬ್ಬಸಿಗೆ, ಹೊನಗೊನೆ, ಹೊಲದ ಬದುವಿನಲ್ಲಿ ಸಿಗುವ ಬೆರಕೆ ಸೊಪ್ಪು, ಯಾವುದನ್ನೂ ಮುಟ್ಟಲಿಲ್ಲ. ಮುದ್ದೆ ಉಣ್ಣುವ ಸೀಮೆಯಲ್ಲಿ ಸೊಪ್ಪು ಬಿಟ್ಟು ಬದುಕುವುದು ಎಂಥ ಶಿಕ್ಷೆ ಅಂತ ಬೇರೆ ಕಡೆಯವರಿಗೆ ತಿಳಿಯುವುದಿಲ್ಲ. ಸೊಪ್ಪು ಬೇಳೆ ಬೇಯಿಸಿ ಮಸೆದು ಮಾಡುವ ಅಕ್ಕನ ಮಸ್ಸೊಪ್ಪು ಅಂದರೆ ಬೀದಿಯ ಆ ತುದಿಗೆ ವಾಸನೆ ಹೋಗುತ್ತದೆ. ಅದನ್ನು ತಂದು ಎದುರಿಗಿಟ್ಟರೆ ನಾನು ಮಜ್ಜಿಗೆ ಕೇಳುತ್ತಿದ್ದೆ. ಯಾಕೆ ಅಂದರೆ ಪಿತ್ತ ಅನ್ನುತ್ತಿದ್ದೆ. ಹುಣ್ಣು ಮಾಯುವ ತನಕ ಆ ಇನ್ನೊಂದು ಸೊಪ್ಪನ್ನೂ ಬಿಟ್ಟಿದ್ದೆ ಅನ್ನಿ. ಮಾಯಿತು, ಹಾಕಿದೆ.

ನಮ್ಮ ಭಾಷೆಯಲ್ಲಿ ಒಬ್ಬರ ಮಾತಿಗೆ ಬೆಲೆ ಕೊಡದಿದ್ದರೆ ‘ಸೊಪ್ಪು ಹಾಕಲಿಲ್ಲ’ ಅನ್ನುತ್ತಾರೆ. ನನ್ನ ಸ್ಥಿತಿ ನೋಡಿ. ಅಕ್ಕನ ಮಾತಿಗೆ ಸೊಪ್ಪು ಹಾಕಲಿಲ್ಲ, ಆದ್ದರಿಂದ ಬಾಯಿಗೆ ಹಾಕಿದೆ, ಆದ್ದರಿಂದ ತಟ್ಟೆಗೆ ಹಾಕಿಸಿಕೊಳ್ಳಲಿಲ್ಲ. ಒಂದೇ ಸೊಪ್ಪು ಮೂರು ಕಡೆ ನನ್ನನ್ನು ಕಟ್ಟಿಹಾಕಿತ್ತು.

ಇತ್ತ ಅಕ್ಕ ಕಾಫಿ ಬಿಟ್ಟವಳು ಬಿಟ್ಟೇ ಇದ್ದಳು. ಮೊದಲ ದಿನಗಳಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದಳಂತೆ. ಭಾವ ಫೋನಿನಲ್ಲಿ ಹೇಳಿದ್ದರು. ನಾನು ಹೋದರೆ ನನಗೊಬ್ಬನಿಗೇ ಕಾಫಿ ಮಾಡಿ, ತಾನು ಜೀರಿಗೆ ಹಾಕಿದ ಬಿಸಿನೀರಿನ ಲೋಟ ಹಿಡಿದು ಎದುರಿಗೆ ಕೂರುವಳು. ನಾನು ಕುಡಿಯುವುದನ್ನು ನೋಡುವಳು. ಆ ಕಾಫಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಚೆನ್ನಾಗೇ ಇಳಿಯುತ್ತಿತ್ತು. ಸಂಕಟ ಶುರುವಾಗುತ್ತಿದ್ದದ್ದು ವಾಪಸ್ ಬರುವ ಬಸ್ಸಿನಲ್ಲಿ. ಆ ಸಂಕಟಕ್ಕೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು.

ಹೀಗಿರುವಾಗ ಈ ವರ್ಷದ ಮಳೆಗಾಲದಲ್ಲಿ ಅಕ್ಕನ ಸಂಘದವರು ಟೂರು ಹೊರಟರು. ಎಲ್ಲರೂ ದೇವಸ್ಥಾನ ಅಂದರಂತೆ. ಅಕ್ಕ ಮಾತ್ರ ಕೊಡಗಿನಲ್ಲಿ ಕಾವೇರಿ ಮೇಲೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ, ಬಂಡೆಗಳ ನಡುವೆ ನೀರು ಧುಮುಕುವ ಕಡೆ ಹೋಗುವುದನ್ನು ಫೋನಿನಲ್ಲಿ ತೋರಿಸಿ, ‘ನೋಡ್ರವ್ವ, ದೇವ್ರೂ ಇಲ್ಲೇ ನೆನಪಾಯ್ತನ’ ಅಂದಳಂತೆ. ನನ್ನನ್ನೂ ಬಾ ಅಂದಳು. ವ್ಯಾನಿನ ಟೈರು ದಾರಿಯಲ್ಲಿ ಕೈಕೊಟ್ಟರೆ ಇರಲಿ ಅಂತ. ಟೈರಿನವನಿಗೆ ಊಟ ತಿಂಡಿ ಸಂಘದ್ದೇ.

ದಿನವಿಡೀ ಅಕ್ಕನ ಕಣ್ಣೆದುರು ಇರಬೇಕು, ಮಧ್ಯದಲ್ಲಿ ನೀರಿಗೆ ಬೀಳಬೇಕು. ಸೊಪ್ಪಿನ ಗತಿ ಏನು? ಒದ್ದೆಯಾದ ಹೊಗೆಸೊಪ್ಪಿನಷ್ಟು ಕೆಲಸಕ್ಕೆ ಬಾರದ ವಸ್ತು ಇನ್ನೊಂದಿಲ್ಲ. ಖಾರವೆಲ್ಲ ನೀರಿಗೆ ಹೋಗಿ ಚಹಾದ ಚರಟದ ಹಾಗಾಗುತ್ತದೆ. ಸುಣ್ಣ ಕರಗಿ ಜೇಬು ಸುಡುತ್ತದೆ. ಮೊದಲು ಹಾಲಿನ ಕವರಿನಲ್ಲಿ ಕಟ್ಟಿ, ಅಂಗಡಿಯಲ್ಲಿ ಟ್ಯೂಬು ಮುಳುಗಿಸಿ ನೋಡುವ ಬಾಣಲಿಯಲ್ಲಿ ಅದ್ದಿದೆ. ಗುಳುಗುಳು ಅಂತ ಗುಳ್ಳೆ ಬಂತು. ಬಲೂನಿನೊಳಗೆ ತುರುಕಿದೆ. ಒಡೆಯಲಿಲ್ಲ, ಆದರೆ ಸೊಪ್ಪಿಗೆ ಬಲೂನಿನ ವಾಸನೆ ಹಿಡಿಯಿತು. ಆಮೇಲೆ ನನ್ನ ಕಸುಬು ನನಗೇ ನೆನಪಾಗಿ ನಗು ಬಂತು. ಗಾಳಿ ಆಚೆ ಹೋಗದ ಹಾಗೆ ನೋಡಿಕೊಳ್ಳುವವನಿಗೆ ನೀರು ಒಳಗೆ ಬರದ ಹಾಗೆ ನೋಡಿಕೊಳ್ಳಲು ಆಗುವುದಿಲ್ಲವೇ?

ಹಳೆಯ ಸ್ಕೂಟರ್ ಟ್ಯೂಬಿನಲ್ಲಿ ಗೇಣುದ್ದ ಕತ್ತರಿಸಿದೆ. ಒಂದು ಬಾಯಿಯನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಆರಿಸಿ, ಅದುಮಿ ಮುಚ್ಚಿದೆ. ಒಳಗೆ ಸೊಪ್ಪು, ಅಡಿಕೆ ಚೂರು, ಸುಣ್ಣದ ಡಬ್ಬಿ. ಇನ್ನೊಂದು ಬಾಯಿಯನ್ನು ಮಡಿಸಿ ಮಡಿಸಿ ಟ್ಯೂಬಿನದೇ ಪಟ್ಟಿಯಿಂದ ಬಿಗಿದೆ. ಬಾಣಲಿಗೆ ಹಾಕಿ, ಟ್ಯೂಬು ನೋಡುವ ಅಭ್ಯಾಸದಲ್ಲಿ ಬೆರಳಿನಿಂದ ಒತ್ತಿ ಹಿಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಬೆರಳು ತೆಗೆದರೆ ಅದು ಟಪ್ಪನೆ ಮೇಲೆ ಬರುತ್ತಿತ್ತು. ಅದನ್ನು ನೋಡಿದೆ, ಆದರೆ ಯೋಚನೆ ಮಾಡಲಿಲ್ಲ. ನನ್ನ ಕೈಕೆಲಸದ ಮೇಲೆ ನನಗೇ ಅಷ್ಟು ಪ್ರೀತಿ ಬಂದಿತ್ತು.

ಹೊಳೆಯ ದಡದಲ್ಲಿ ಗೈಡು ಸೀರೆ ಉಟ್ಟವರನ್ನು ದೋಣಿ ಹತ್ತಿಸುವುದಿಲ್ಲ ಅಂದ. ಇದನ್ನು ಮೊದಲೇ ತಿಳಿದಿದ್ದ ಹೆಂಗಸರೆಲ್ಲ ಮಕ್ಕಳ ಪ್ಯಾಂಟುಗಳನ್ನು ತಂದಿದ್ದರು. ಅಕ್ಕ ಪಟ್ಟೆ ಪಟ್ಟೆಯ ಕ್ರಿಕೆಟ್ ಪ್ಯಾಂಟು ಹಾಕಿ, ಮೇಲೆ ಕೇಸರಿ ಬಣ್ಣದ ಲೈಫ್ ಜಾಕೆಟ್ ಕಟ್ಟಿಸಿಕೊಂಡು ಬಂದಾಗ ಅವಳ ಗೆಳತಿ ರತ್ನಮ್ಮ ನೆಲಕ್ಕೆ ಕೂತು ನಕ್ಕಳು.

‘ಅಯ್ಯೋ ಅಧ್ಯಕ್ಷರೇ, ನಿಮ್ಮೆಜಮಾನ್ರಿಗೆ ಒಂದು ಪೋಟ ಕಳಿಸ್ಲಾ?’

‘ಕಳ್ಸು. ಓಪನಿಂಗು ನಾನೇ ಅಂತ ಏಳು.’

ಗೈಡು ಒಂದು ನೀರು ಹೋಗದ ಚೀಲ ಹಿಡಿದು ಬಂದ. ಮೊಬೈಲು, ಪರ್ಸು ಎಲ್ಲ ಅದಕ್ಕೆ ಹಾಕಿ ಅಂದ. ನೋಡಿಕೊಳ್ಳುವ ಜವಾಬ್ದಾರಿ ಅಧ್ಯಕ್ಷೆಯದೇ ಆದ್ದರಿಂದ ನನ್ನ ಕರಿ ಗಂಟು ಆ ಚೀಲಕ್ಕೆ ಬೀಳುವ ಹಾಗಿರಲಿಲ್ಲ. ಅದನ್ನು ಜಾಕೆಟ್ಟಿನ ಕೆಳಗೆ ಸೊಂಟದ ದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೈಡು ಪಾಠ ಹೇಳುತ್ತಿದ್ದ, ಹುಟ್ಟು ಹೀಗೆ ಹಿಡಿಯಬೇಕು, ನಾನು ಹೀಗಂದರೆ ಹೀಗೆ ಮಾಡಬೇಕು ಅಂತ. ಹೆಂಗಸರೆಲ್ಲ ಒಂದೇ ಸ್ವರದಲ್ಲಿ ಹೂಂ ಅನ್ನುತ್ತಿದ್ದರು. ನನ್ನ ಗಮನ ದಾರದ ಮೇಲಿತ್ತು.

ಮೊದಲ ಬಂಡೆ ಚೆನ್ನಾಗಿಯೇ ದಾಟಿದೆವು. ಎರಡನೆಯ ಕಡೆ ನೀರು ಬೆಳ್ಳಗೆ ನೊರೆ ಕಕ್ಕುತ್ತಿತ್ತು. ದೋಣಿಯ ಮೂಗು ಕೆಳಗೆ ಬಾಗಿತು. ಗೈಡು ಕೂಗಿದ: ‘ಗೆಟ್ ಡೌನ್! ಗೆಟ್ ಡೌನ್!’

ನನಗೆ ಗೊತ್ತಿರುವ ಗೆಟ್ ಡೌನ್ ಒಂದೇ. ಮೈಸೂರಿನ ಸಿಟಿ ಬಸ್ಸಿನಲ್ಲಿ ‘ಗೆಟ್ ಡೌನ್ ಆಗೋರು ಮುಂದೆ ಬನ್ನಿ’ ಅಂದರೆ ಇಳಿಯುವುದು. ಹೆಂಗಸರೆಲ್ಲ ದೋಣಿಯೊಳಗೆ ತಗ್ಗಿ ಕೂತರು. ನಾನು ಇಳಿದೆ.

ಮೂಗು, ಕಿವಿ, ಬಾಯಿ, ಎಲ್ಲ ಕಡೆ ಕಾವೇರಿ. ಮೇಲು ಯಾವುದು ಕೆಳಗು ಯಾವುದು ತಿಳಿಯಲಿಲ್ಲ. ಜಾಕೆಟ್ಟು ನನ್ನನ್ನು ಮೇಲಕ್ಕೆ ಎಸೆಯಿತು. ಕಣ್ಣು ಬಿಟ್ಟರೆ ಮೊದಲು ಕಂಡದ್ದು ಪಟ್ಟೆ ಪ್ಯಾಂಟು. ಗೈಡು ಒಂದು ಕಡೆ, ಅಕ್ಕ ಒಂದು ಕಡೆ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು, ಬಾವಿಯಿಂದ ಕೊಡ ಎಳೆಯುವಂತೆ ನನ್ನನ್ನು ಎಳೆದು ದೋಣಿಯೊಳಗೆ ಕೆಡವಿದರು. ಅಕ್ಕ ನನ್ನ ಕೆನ್ನೆಗೆ ಎರಡು ಬಿಟ್ಟಳು. ಉಸಿರಾಡುತ್ತಿದ್ದಾನಾ ಅಂತ ನೋಡಲು ಒಂದು, ಆಡುತ್ತಿದ್ದಾನೆ ಅಂತ ತಿಳಿದ ಮೇಲೆ ಇನ್ನೊಂದು.

‘ಇಳುದ್ಬುಟ್ಯಲ್ಲೋ! ಹೊಳೇಲಿ ಯಾವ ಸ್ಟಾಪ್ ಬಂದಿತ್ಲಾ ನಿಂಗ?’

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನನ್ನ ಜಾಕೆಟ್ಟಿನ ಪಟ್ಟಿ ಹಿಡಿದ ಕೈಯನ್ನೂ ಬಿಡಲಿಲ್ಲ.

ಮುಂದೆ ನೀರು ಸಮಾಧಾನವಾಗಿದ್ದ ಕಡೆ ದೋಣಿ ನಿಂತಿತು. ಆಗ ಬಂತು, ನೊರೆಯನ್ನು ಬಿಡಿಸಿಕೊಂಡು, ತನ್ನ ಪಾಡಿಗೆ ಕುಣಿದುಕೊಂಡು, ಒಂದು ಕರಿ ಗಂಟು. ಒದ್ದೆಯಾಗುವ ವಸ್ತುವಾಗಿದ್ದರೆ ಮರ್ಯಾದೆಯಾಗಿ ಮುಳುಗುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನನ್ನ ಸಲ್ಯೂಷನ್ನು, ನನ್ನ ಪಟ್ಟಿ, ಒಳಗಿನ ಗಾಳಿಯನ್ನು ಹಾಗೇ ಹಿಡಿದಿಟ್ಟಿದ್ದವು. ಗೈಡು ಹುಟ್ಟಿನಿಂದ ಅದನ್ನು ಹತ್ತಿರ ಎಳೆದು ಎತ್ತಿದ.

‘ಇದು ಯಾರದ್ದು?’

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಅಂಟಿಸಿದ ಕಡೆ ಹೆಬ್ಬೆರಳಾಡಿಸಿದಳು.

‘ಟ್ಯೂಬು. ನಮ್ಮ ನಂಜುಂಡನ ಕೆಲ್ಸನೇ ಇದು.’

ದಡದಲ್ಲಿ ಗೈಡು ಪಟ್ಟಿ ಕತ್ತರಿಸಿದ. ವಾಸನೆ ಬಂತು. ‘ಅಬ್ಬಾ, ಒಂದು ಹನಿ ನೀರು ಹೋಗಿಲ್ಲ ನೋಡಿ. ನಮ್ಮ ಚೀಲದಲ್ಲೇ ಮೊಬೈಲು ಬೆವರುತ್ತೆ’ ಅಂತ ಮೆಚ್ಚಿದ. ಜೀವಮಾನದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಅಂಥ ಶಿಫಾರಸನ್ನು ತಲೆ ಬಗ್ಗಿಸಿಕೊಂಡು ಕೇಳಿದೆ.

‘ಏನಪ್ಪ ಇದು?’ ಅಂದಳು ಅಕ್ಕ. ಸಿಟ್ಟು ಬಂದಾಗ ಅವಳು ಲೇ ಅನ್ನುವುದಿಲ್ಲ, ಅಪ್ಪ ಅನ್ನುತ್ತಾಳೆ.

ಆಗಲಾದರೂ ಹೇಳಬಹುದಿತ್ತು. ಸಾವಿನ ಬಾಯಿಂದ ಈಗ ತಾನೆ ಎಳೆದು ತಂದವಳು ಎದುರಿಗಿದ್ದಳು. ನಾನು ಹೇಳಿದ್ದು ಇದು: ‘ಇವತ್ತೊಂದಿನಕ್ಕೆ ಕಣಕ್ಕ. ನೀರು ಅಂದ್ರೆ ಭಯ, ಧೈರ್ಯಕ್ಕೆ ಇರ್ಲಿ ಅಂತ ತಂದೆ. ಇನ್ನೂ ಹಾಕಿಲ್ಲ.’

ಅಕ್ಕ ನಂಬಿದಳು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ರತ್ನಮ್ಮ ಪಕ್ಕದವಳ ಕಿವಿಯಲ್ಲಿ ಏನೋ ಅಂದದ್ದಕ್ಕೆ ಅಕ್ಕ ತಿರುಗಿಕೊಂಡು, ‘ಸುಮ್ಕಿರು ರತ್ನಿ. ಎರಡು ವರ್ಷ ಮುಟ್ಟಿಲ್ಲ ಅಂವ. ಒಂದಿನ ಹೆದ್ರಿಕೇಲಿ ತಂದವ್ನ, ಅದ್ನೂ ತಿಂದಿಲ್ಲ’ ಅಂದಳು.

ವ್ಯಾನು ಹೊರಟಿತು. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಸೀಮೆಗೆ ಬಂದರೆ ರಸ್ತೆಯ ಎರಡೂ ಕಡೆ ಏನು ಬೆಳೆಯುತ್ತಾರೆ ಅಂತ ನಿಮಗೆ ಗೊತ್ತು. ಕಣ್ಣು ಹಾಯುವ ತನಕ ಹೊಗೆಸೊಪ್ಪು. ಆನೆ ಕಿವಿಯಂಥ ಎಲೆಗಳು ಮಳೆಯಲ್ಲಿ ನೆನೆದು ತೂಗುತ್ತಿದ್ದವು, ಅವನ್ನು ಬೇಯಿಸುವ ಬ್ಯಾರನ್ನು ಮನೆಗಳು ಎದ್ದು ನಿಂತಿದ್ದವು. ಒಣಗಿರಲಿ ಅಂತ ನಾನು ಪಟ್ಟ ಪಾಡೆಲ್ಲ ಆಚೆ ರಾಶಿ ರಾಶಿ ಒದ್ದೆಯಾಗಿ ನಿಂತಿತ್ತು. ಕಿಟಕಿಯಾಚೆ ನೋಡುವಂತಿಲ್ಲ, ಕಿಟಕಿಯೀಚೆ ಅಕ್ಕ. ಕಣ್ಣು ಮುಚ್ಚಿಕೊಂಡೆ.

ಹುಣಸೂರಿನ ಹತ್ತಿರ ಒಂದು ಹೋಟೆಲಿನ ಮುಂದೆ ವ್ಯಾನು ನಿಂತಿತು. ರತ್ನಮ್ಮ ಎಲ್ಲರಿಗೂ ಕಾಫಿ ತಂದಳು. ನೀರಿನಲ್ಲಿ ನೆಂದು, ಮಳೆಯಲ್ಲಿ ನೆಂದು, ಅಕ್ಕನ ತುಟಿ ನೀಲಿಯಾಗಿತ್ತು. ಲೋಟದಿಂದ ಆವಿ ಬರುತ್ತಿತ್ತು. ಅವಳು ಅದನ್ನು ನೋಡಿದಳು, ಮೂಗು ಒಂದು ಚೂರು ಮುಂದೆ ಹೋಯಿತು, ಆಮೇಲೆ ‘ನಂಗ ಬ್ಯಾಡ, ಬಿಸ್ನೀರು ಕೊಡ್ಸು’ ಅಂದಳು.

ಹೊಳೆಯಲ್ಲಿ ಬಿದ್ದಾಗ ಆಗದ ಭಯ ನನಗೆ ಆಗ ಆಯಿತು. ಈ ಹೆಂಗಸು ಹೀಗೇ ಬಿಸಿನೀರು ಕುಡಿದು ಕುಡಿದು ಸಾಯುತ್ತಾಳೆ, ನಾನು ಸೊಪ್ಪು ಅಗಿಯುತ್ತಾ ಅವಳ ಮಣ್ಣಿಗೆ ಹೋಗಿಬರುತ್ತೇನೆ ಅನ್ನಿಸಿತು.

‘ಅಕ್ಕ, ಕುಡಿ’ ಅಂದೆ. ‘ನಾನು ಬಿಟ್ಟಿಲ್ಲ. ಹುಣ್ಣು ಮಾಯ್ದ ಮಾರನೇ ದಿನದಿಂದ ಹಾಕ್ತಾನೇ ಅವ್ನಿ. ಇವತ್ತು ಬೆಳಿಗ್ಗೆನೂ ಹಾಕಿದ್ದೆ.’

ರತ್ನಮ್ಮನ ಲೋಟ ಗಾಳಿಯಲ್ಲೇ ನಿಂತಿತು. ಅಕ್ಕ ನನ್ನನ್ನು ನೋಡಿದಳು.

‘ಸಂಗಮದಲ್ಲಿ ನೀರ್ ಮುಟ್ಟಿ ಏಳಿದ್ಯಲ್ಲಪ್ಪ, ಸೊಪ್ಪು ಬಿಟ್ಟೆ ಅಂತ?’

‘ಸೊಪ್ಪು ಬಿಟ್ಟೆ ಕಣಕ್ಕ. ಹೊಗೆಸೊಪ್ಪು ಅನ್ನಲಿಲ್ಲ. ದಂಟಿನ ಸೊಪ್ಪು ನೆನೆಸ್ಕೊಂಡು ಅಂದೆ.’

ಅವಳ ಹುಬ್ಬುಗಳು ಒಂದೊಂದಾಗಿ ಮೇಲೆ ಹೋದವು. ಎರಡು ವರ್ಷದ ಮಸ್ಸೊಪ್ಪು, ಬಸ್ಸಾರು, ಉಪ್ಸಾರುಗಳೆಲ್ಲ ಅವಳ ಕಣ್ಣಿನೊಳಗೆ ಒಂದರ ಹಿಂದೆ ಒಂದು ಸಾಗಿದ್ದನ್ನು ನಾನು ನೋಡಿದೆ.

‘ಅದ್ಕೇನಪ್ಪ ಪಿತ್ತ ಪಿತ್ತ ಅಂತಿದ್ದೆ ನೀನು?’

‘ಹೂಂ.’

‘ಅಷ್ಟೂ ದಿನ ದಂಟಿನ ಸೊಪ್ಪು ತಿಂದಿಲ್ವಾ?’

‘ಹೊಳೆಗೆ ಸುಳ್ಳು ಹೇಳಬಾರ್ದಲ್ಲ ಅಂತ.’

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ಅತ್ತಳು ಅಂದುಕೊಂಡೆ. ನಗುತ್ತಿದ್ದಳು. ನಿಜವಾಗಿ ಎರಡೂ ನಡೆದಿತ್ತು. ‘ನೋಡ್ರವ್ವ ನನ್ನ ತಮ್ಮನ್ನ! ವಿಷ ತಿನ್ನಕ್ಕ ಊಟ ಬುಟ್ಟವ್ನ!’ ಲೇ ಅಂದಳೋ ಲಾ ಅಂದಳೋ ನೆನಪಿಲ್ಲ, ‘ಅಪ್ಪ’ ಮಾತ್ರ ಹೋಗಿತ್ತು. ನನ್ನ ಎದೆಯಿಂದ ಸಂಗಮದ ಮೆಟ್ಟಿಲುಕಲ್ಲಿನಷ್ಟು ದೊಡ್ಡದು ಏನೋ ಉರುಳಿ ಬಿತ್ತು.

ಆದರೆ ಅಕ್ಕ ಅಧ್ಯಕ್ಷೆ. ಸಭೆ ಮುಗಿಸದೆ ಎದ್ದವಳಲ್ಲ. ಕಣ್ಣೊರೆಸಿಕೊಂಡು, ‘ಸೈಟು ಬರ್ಸುವಾಗ ಚಕ್ಕುಬಂದಿ ಏಳಲ್ವಾ, ನಾಕು ದಿಕ್ಕಿಗೂ ಏನೈತೆ ಅಂತ? ಅಂಗೆ ಏಳು ಇವಾಗ. ಪೂರ್ತಿ ಹೆಸ್ರು ಹಾಕಿ ಏಳು’ ಅಂದಳು.

ಹೋಟೆಲಿನ ಮುಂದೆ, ಸಂಘದ ಅಷ್ಟೂ ಹೆಂಗಸರ ನಡುವೆ, ತೊಟ್ಟಿಕ್ಕುವ ಬಟ್ಟೆಯಲ್ಲಿ ನಿಂತು ಹೇಳಿದೆ: ‘ಹೊಗೆಸೊಪ್ಪು ಬಿಟ್ಟೆ. ಪೂರ್ವಕ್ಕೆ ಕಡ್ಡಿಪುಡಿ, ಪಶ್ಚಿಮಕ್ಕೆ ಜರ್ದಾ, ಉತ್ತರಕ್ಕೆ ಗುಟ್ಕಾ.’

‘ದಕ್ಷಿಣಕ್ಕ?’ ಅಂದಳು ರತ್ನಮ್ಮ. ‘ಅಲ್ಲೊಂದು ದಾರಿ ಬುಟ್ಕೊಂಡವ್ನ ನೋಡಿ.’

‘ದಕ್ಷಿಣಕ್ಕೆ ನಶ್ಯ.’

ಅಕ್ಕ ತೃಪ್ತಿಯಿಂದ ತಲೆದೂಗಿ ಕಾಫಿ ಲೋಟ ಎತ್ತಿಕೊಂಡಳು. ‘ಈ ಸಲ ನಾನೇನೂ ಬುಡಕಿಲ್ಲ ಕಣ್ಲಾ. ನಿನ್ನ ಬಾಯಿ, ನೀನೇ ಕಾಯ್ಕೊ’ ಅಂದು ಒಂದು ಗುಟುಕು ಕುಡಿದಳು. ಆಮೇಲೆ ಯಾರೂ ಮಾತಾಡಲಿಲ್ಲ. ಲೋಟ ಬೆಂಚಿನ ಮೇಲೆ ಟಣ್ ಅಂದಮೇಲೆಯೇ ಡ್ರೈವರು ವ್ಯಾನಿನ ಬಾಗಿಲು ತೆಗೆದ.

ಮಾರನೇ ವಾರ ಅದೇ ಡಾಕ್ಟರ ಹತ್ತಿರ ಹೋದೆವು. ಬೆಳಕು ಬಿಟ್ಟು ಎಲ್ಲ ಮೂಲೆ ನೋಡಿ, ಏನೂ ಕಾಣುತ್ತಿಲ್ಲ, ಇನ್ನಾದರೂ ಹೀಗೇ ಇಟ್ಟುಕೊಳ್ಳಿ ಅಂದರು. ಈ ಸಲ ನನಗೇ ಹೇಳಿದರು. ಬಿಟ್ಟಿದ್ದೀಯಾ ಅಂತ ನೀವು ಕೇಳಿದರೆ, ಇದನ್ನು ಬರೆಯುವ ಹೊತ್ತಿಗೆ ಬಿಟ್ಟಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ನಾಲಿಗೆ ಎಡದವಡೆಯ ಹತ್ತಿರ ಹೋಗಿ ಹುಡುಕುತ್ತದೆ, ಬರಿಗೈಯಲ್ಲಿ ವಾಪಸ್ ಬರುತ್ತದೆ. ಆ ಟ್ಯೂಬಿನ ಗಂಟನ್ನು ಖಾಲಿ ಮಾಡಿ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ್ದೇನೆ. ಗಿರಾಕಿಗಳು ಏನದು ಅಂದರೆ ನನ್ನ ಕೈಯಲ್ಲಿ ಆದ ಅತಿ ಒಳ್ಳೆಯ ಪಂಕ್ಚರು ಅನ್ನುತ್ತೇನೆ.

ಡಾಕ್ಟರ ಹತ್ತಿರದಿಂದ ಬಂದ ದಿನ ಊಟ ಅಕ್ಕನ ಮನೆಯಲ್ಲೇ. ಮುದ್ದೆ ಇಟ್ಟಳು. ಕೇಳದೆಯೇ ಮಸ್ಸೊಪ್ಪಿನ ಪಾತ್ರೆ ತಂದು ಸೌಟು ಎತ್ತಿ ಹಿಡಿದು, ನನ್ನ ಮುಖ ನೋಡುತ್ತಾ ನಿಂತಳು. ಅಂತೂ ನಾನು ಅಕ್ಕನ ಮಾತಿಗೆ ಸೊಪ್ಪು ಹಾಕಿದ್ದೆ. ‘ಹಾಕಕ್ಕ’ ಅಂದೆ. ತಟ್ಟೆ ತುಂಬ ಹಾಕಿದಳು.